ಗಂಗುಲಪ್ಪನ ಹೊಲದ ಗ್ಯಾಸು

ಎಂಬತ್ತೈದರ ಬೇಸಿಗೆ. ಮಧ್ಯಾಹ್ನದ ಬಸ್ಸಿಗೆ ಮುಳಬಾಗಿಲಿನಿಂದ ರೆವಿನ್ಯೂ ಇನ್ಸ್‌ಪೆಕ್ಟರು ಬರುತ್ತಾರೆಂದು ಗಂಗುಲಪ್ಪ ಬೆಳಗ್ಗೆಯೇ ಗುದ್ದಲಿ ಹಿಡಿದಿದ್ದ. ಕೆರೆಯಂಚಿನ ಒಂದೆಕರೆಯಲ್ಲಿ ಹತ್ತು ವರ್ಷದಿಂದ ರಾಗಿ ಬೆಳೆದಿದ್ದಾನೆ. ಸಾಹೇಬರು ಒಣನೆಲವೆಂದು ಬರೆದರೆ ಅದು ಅವನದು, ಕೆರೆಯಂಗಳವೆಂದು ಬರೆದರೆ ಸರ್ಕಾರದ್ದು. ಮೂಲೆಯ ಕೆಸರುಹೊಂಡವೊಂದು ಮಾತ್ರ ಬೇಸಿಗೆಯಲ್ಲೂ ಆರದೆ ಅವನ ಮಾನ ಕಳೆಯುತ್ತಿತ್ತು. ಅದನ್ನು ಒಣಮಣ್ಣಿನಿಂದ ಮುಚ್ಚಬೇಕಿತ್ತು.

ಎರಡು ಮಂಕರಿ ಮಣ್ಣು ಸುರಿದು ಗುದ್ದಲಿಯಿಂದ ತಿವಿದ. ಕೆಸರು ಬುಳುಬುಳು ಎಂದಿತು. ದಣಿವಾರಿಸಿಕೊಳ್ಳಲು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೀಡಿಗೆ ಕಡ್ಡಿ ಗೀರಿದ. ಭುಗ್ಗೆಂದಿತು! ಬೀಡಿಗಿಂತ ಮೊದಲು ಮೀಸೆಯ ಎಡಭಾಗ ಹತ್ತಿಕೊಂಡಿತು.

ಪಕ್ಕದ ಹೊಲದ ದೊಡ್ಡವೆಂಕಟಪ್ಪ ಓಡಿಬಂದ. ಯಾರ ಮನೆಯ ವಿಷಯಕ್ಕೂ ಕರೆಯದೆ ಬರುವ ಆಸಾಮಿ.

"ಅಬ್ಬೋ! ಪಟ್ಟಣದಾಗೆ ಸಿಲಿಂಡರ್‌ನಾಗೆ ಮಾರೋ ಗ್ಯಾಸು ಕಣೋ ಇದು! ಮುಚ್ಚಬೇಡ್ವೋ ಗಂಗುಲಾ!"

ಗಳಿಗೆಯಲ್ಲಿ ಅರ್ಧ ಊರು ನೆರೆಯಿತು. ಹೆಂಡತಿ ಗಂಗರತ್ನಮ್ಮ ಗಂಡನ ಮೀಸೆಯನ್ನು ನೋಡಲೇ ಇಲ್ಲ. "ಒಲೆ ಊದಿ ಊದಿ ಕಣ್ಣು ಹೋಗೈತೆ. ಮೊದ್ಲು ನಮ್ಮನೆಗೆ ಒಂದು ಪೈಪು ಎಳೀರಿ" ಎಂದಳು.

ರಜಕ್ಕೆ ಊರಿಗೆ ಬಂದಿದ್ದ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನು ದೊಡ್ಡವೆಂಕಟಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದ. ಮೇಷ್ಟ್ರು ಹೊಂಡ ನೋಡಿ ಪಾಠಕ್ಕೇ ಇಳಿದುಬಿಟ್ಟರು.

"ಇದು ಮೀಥೇನು. ನೀರಿನಡಿ ಜೊಂಡು ಕೊಳೆತು ಹುಟ್ಟುತ್ತೆ. ಸಮುದ್ರದಂಚಿನ ಜೌಗಿನಲ್ಲೂ ಹೀಗೇ. ಮೇಲಕ್ಕೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕಾಯಿಸುತ್ತೆ ಅಂತ ಪರದೇಶದೋರು ಅಳೀತಿದಾರೆ."

"ನಮ್ಮ ಬಿಸ್ಲಿಗೆ ಕಂಬಳಿ ಬೇರೆ ಕೇಡು!" ಎಂದಳು ಗಂಗರತ್ನಮ್ಮ.

"ಜಾಸ್ತಿ ಬರ್ಬೇಕಂದ್ರೆ ಏನ್ ಮಾಡ್ಬೇಕು ಸಾಮಿ?" ಗಂಗುಲಪ್ಪ ಕೇಳಿದ.

"ವರ್ಷಾನುಗಟ್ಟಲೆ ನೀರು ನಿಂತಿರ್ಬೇಕಪ್ಪ."

"ಹಂಗಾದ್ರೆ ನಮ್ಮ ಹೊಲ ನೋಡಿ!" ದೊಡ್ಡವೆಂಕಟಪ್ಪ ಮುಂದೆ ನುಗ್ಗಿದ. "ಮೊಣಕಾಲುದ್ದ ನೀರಿತ್ತು!"

ತನ್ನ ಅದೃಷ್ಟಕ್ಕೆ ಇವನು ಕೈಹಾಕಿದ್ದು ಕಂಡು ಗಂಗುಲಪ್ಪನಿಗೆ ಮೈಯೆಲ್ಲ ಉರಿಯಿತು. "ಮೊಣಕಾಲುದ್ದವಂತೆ! ಇಲ್ಲಿ ಆಳುದ್ದ ನೀರು ಕಣ್ಲಾ! ನಮ್ಮಪ್ಪ ಈಜು ಕಲ್ತಿದ್ದೇ ಈ ಹೊಲದಾಗೆ. ನಾನೇ ಮೀನು ಹಿಡಿದಿದೀನಿ!"

ಗುಂಪಿನ ಹಿಂದೆ ಕೊಡೆ ಹಿಡಿದು ನಿಂತಿದ್ದ ಪ್ಯಾಂಟಿನವರೊಬ್ಬರು ಕಾಗದ ತೆಗೆದರು. ಗ್ಯಾಸಿನ ಆಫೀಸರು ಇಷ್ಟು ಬೇಗ ಬಂದರಲ್ಲ ಎಂದು ಗಂಗುಲಪ್ಪನಿಗೆ ಕಣ್ಣು ತುಂಬಿ ಬಂತು.

"ಯಾವ ಮೀನು?"

"ಕೊರಮೀನು ಸಾಮಿ. ತೋಳುದ್ದ! ಬರ್ಕೊಳ್ಳಿ."

ಅವರು ಎಲ್ಲವನ್ನೂ ಬರೆದು, ಗಂಗುಲಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಪೈಪು ಯಾವಾಗ ಹಾಕ್ತೀರಾ ಸಾಮಿ?"

"ಪೈಪಿನ ವಿಷಯ ನಂಗೊತ್ತಿಲ್ಲಪ್ಪ. ನಾನು ರೆವಿನ್ಯೂ ಇನ್ಸ್‌ಪೆಕ್ಟರು. ಇವತ್ತು ಬಸ್ಸು ಬೇಗ ಬಂತು."

ಗಂಗುಲಪ್ಪ ಗುದ್ದಲಿ ಎತ್ತಿಕೊಂಡು ಮತ್ತೆ ಹೊಂಡಕ್ಕೆ ಮಣ್ಣು ಎಳೆಯತೊಡಗಿದ. ಸಾಹೇಬರು ದೊಡ್ಡವೆಂಕಟಪ್ಪನ ಕಡೆ ತಿರುಗಿದರು. "ನಿಮ್ಮ ಹೊಲದಲ್ಲೂ ನೀರಿತ್ತು ಅಂದ್ರಲ್ಲ?"

"ನಮ್ದಾ? ಛೆ ಛೆ, ತಾತನ ಕಾಲದಿಂದ್ಲೂ ಒಣಗಿದ ಖುಷ್ಕಿ ಸಾಮಿ. ಒಂದು ಕಪ್ಪೇನೂ ವಟಗುಟ್ಟಿಲ್ಲ!"