ಹೆಣವಿಲ್ಲದ ಹಾಡು

ಹೊಳೆನರಸೀಪುರದ ಪರಮೇಶ್ ಹಾಸನದಲ್ಲಿ ತೌಲನಿಕ ಸಾಹಿತ್ಯ ಹಿಡಿದು ಪಿಎಚ್‌ಡಿ ಮಾಡುತ್ತಿದ್ದ. ಸಾವಿನ ಮನೆಯಲ್ಲಿ ನಮ್ಮವರು ಹೇಗೆ ಹಾಡಿಕೊಂಡು ಅಳುತ್ತಾರೆ, ತಮಿಳರು ಹೇಗೆ ಅಳುತ್ತಾರೆ ಅನ್ನುವುದು ಅವನ ವಿಷಯ. ಇಂಥದ್ದನ್ನು ಕಟ್ಟಿಕೊಂಡವನು ನಗುವುದಾದರೂ ಹೇಗೆ? ತಮಿಳಿನ ಅಳು ಬೇಕಾದಷ್ಟು ಸಿಕ್ಕಿತ್ತು, ಕನ್ನಡದ್ದು ಒಂದೂ ಇರಲಿಲ್ಲ.

"ಸಂಜೆಯೊಳಗೆ ಒಂದು ಹಾಡು ರೆಕಾರ್ಡ್ ಮಾಡಿ ತರದಿದ್ರೆ ನಿನ್ನ ನೋಂದಣಿ ರದ್ದು," ಎಂದರು ಗೈಡ್ ನೀಲಾಂಬಿಕೆ ಮೇಡಂ.

ಹಾಸನದ ಹತ್ತಿರದ ದುದ್ದ ಊರಿನ ಮಲ್ಲಿಗಮ್ಮ ಹಾಡಿಕೊಂಡು ಅಳುವುದರಲ್ಲಿ ಎತ್ತಿದ ಕೈ. ಪರಮೇಶ್ ಬಸ್ಸು ಹತ್ತಿ ಅವಳ ಮನೆಗೆ ಹೋದ.

"ಒಂದು ಹಾಡು ಹೇಳವ್ವಾ."

"ಎಣ ಎಲ್ಲೈತಪ್ಪಾ? ಎಣ ಇಲ್ದೆ ಸುಮ್ ಸುಮ್ನೆ ಅತ್ರೆ ಮನೇಗೆ ಕೇಡು ಕಣಪ್ಪಾ. ಮುಂದೆ ಯಾರಾರ ಮಲಗಿರ್ಬೇಕು."

ಪಕ್ಕದ ಮನೆಯ ಲಕ್ಕಯ್ಯ ಕರೆಯದೆಯೇ ಬಂದ. "ಅದಕ್ಯಾಕ್ ಯೋಚ್ನೆ ಸಾ? ನೀವೇ ಮನಿಕ್ಕಳಿ!"

ಬೇರೆ ದಾರಿಯಿರಲಿಲ್ಲ. ಪರಮೇಶ್ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಮಲಗಿದ. ಲಕ್ಕಯ್ಯ ಕುತ್ತಿಗೆವರೆಗೆ ಬಿಳಿ ಪಂಚೆ ಹೊದಿಸಿ, ಮೂಗಿಗೆ ಹತ್ತಿ ಇಟ್ಟು, ತಲೆಯ ಹತ್ತಿರ ದೀಪ ಹಚ್ಚಿದ. ಮಲ್ಲಿಗಮ್ಮ ವಿಚಾರಿಸಿಕೊಂಡಳು.

"ಮದ್ವೆ ಆಗೈತಾ?"

"ಇಲ್ಲವ್ವಾ."

"ಕೆಲ್ಸ?"

"ಅದೂ ಇಲ್ಲ."

"ಅಂಗಾರೆ ಚೆಂದಾಗ್ ಬತ್ತದೆ ಬುಡು," ಎಂದು ಎದೆ ಬಡಿದುಕೊಂಡು ಶುರು ಮಾಡಿದಳು. "ಓದಿದ್ದೆಲ್ಲಾ ಒಲೆಗಾಯ್ತಲ್ಲೋ ಕಂದಾ, ಬಾಸಿಂಗ ಕಾಣದ ಅಣೆಗೆ ಈಬೂತಿ ಬಂತಲ್ಲೋ..."

ಬಸ್ಸಿಗೆ ಕಾಯುತ್ತಿದ್ದವರು, ಡೇರಿಗೆ ಹಾಲು ತಂದವರು ಬಂದು ಸೇರಿ ಅತ್ತರು. ನಿಜ ಹೇಳಿದರೆ ಅಳು ಕೆಡುತ್ತದೆಂದು ಲಕ್ಕಯ್ಯ ಬಾಯಿ ಬಿಡಲಿಲ್ಲ. ಪರಮೇಶನ ಜೊತೆ ಓದುವ, ಅದೇ ಊರಿನ ನೇತ್ರಾ ಗುಂಪಿನಲ್ಲಿ ಇಣುಕಿ, ಗಾಬರಿಯಿಂದ ಫೋಟೊ ತೆಗೆದು ಇಲಾಖೆಯ ವಾಟ್ಸಾಪಿಗೆ ಹಾಕಿ, ಅಳುತ್ತಲೇ ಹಾಸನದ ಬಸ್ಸು ಹತ್ತಿದಳು. ಇತ್ತ ಹಾಡು ಕೇಳಿ ಪರಮೇಶನಿಗೆ ತನ್ನ ಬಾಳಿನ ಮೇಲೆ ತನಗೇ ಮರುಕ ಉಕ್ಕಿತು; ಬಿಕ್ಕಿ ಬಿಕ್ಕಿ ಅತ್ತ.

"ಎಣ ಅಳ್ತೈತೆ ಕಣ್ಲಾ!" ಎಂದು ಯಾವನೋ ಕೂಗಿದ. ಜನ ದಿಕ್ಕಾಪಾಲಾಗಿ ಓಡಿದರು.

ಹಾಡು ಮಾತ್ರ ಮೊಬೈಲಿನಲ್ಲಿ ಪೂರ್ತಿ ಇತ್ತು. ಸಂಜೆ ಅವನು ಇಲಾಖೆಗೆ ಬಂದರೆ ಎಲ್ಲರೂ ತಲೆ ತಗ್ಗಿಸಿ ಮೌನ ಆಚರಿಸುತ್ತಿದ್ದರು. ಅವನನ್ನು ಕಂಡು ಮೇಡಂ ಕುರ್ಚಿಯಲ್ಲಿ ಕುಸಿದರು.

"ಹಾಡು ತಂದೆ ಮೇಡಂ. ಹೆಣ ಸಿಗಲಿಲ್ಲ, ನಾನೇ ಮಲಗಿದ್ದೆ."

"ಬದುಕಿರೋನ ಮೇಲೆ ಹಾಡಿದ್ದು ಪ್ರಬಂಧಕ್ಕೆ ನಡೆಯಲ್ಲಪ್ಪಾ!" ಮೇಡಂಗೆ ಅಳುವಿನ ಜಾಗದಲ್ಲಿ ಸಿಟ್ಟು ಬಂದಿತ್ತು. "ಪಾಪ, ಓದ್ತಾ ಓದ್ತಾನೇ ಹೋದ ಹುಡುಗ, ಬರೆದಷ್ಟಕ್ಕೇ ಮರಣೋತ್ತರ ಪಿಎಚ್‌ಡಿ ಕೊಡಿ ಅಂತ ಕುಲಪತಿಗಳ ಕಾಲು ಹಿಡಿದಿದ್ದೆ. ಅವರೂ ಒಪ್ಪಿದ್ರು. ನಿನಗೆ ಇವತ್ತೇ ಬದುಕಿ ಬರಬೇಕಿತ್ತಾ?"

ಮೇಜಿನ ಮೇಲೆ ಅವನ ಫೋಟೊಗೆ ಹಾರ ಹಾಕಿತ್ತು. ಕೆಳಗೆ ‘ದಿವಂಗತ ಡಾ. ಪರಮೇಶ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮೇಡಂ ಪೆನ್ನು ತೆಗೆದು ಮೊದಲು ‘ದಿವಂಗತ’ ಹೊಡೆದು ಹಾಕಿದರು, ಆಮೇಲೆ ‘ಡಾ.’ ಹೊಡೆದು ಹಾಕಿದರು.