ಒಂದೇ ಚಾರ್ಜರಿನ ವ್ರತ

ತ್ಯಾಗ ಮಾಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಮಾಡಿದ ತ್ಯಾಗವನ್ನು ನಾಲ್ಕು ಜನರಿಗೆ ಹೇಳದೆ ಇರುವುದು ಇನ್ನೂ ಕಷ್ಟ. ನಮ್ಮ ಮನೆತನದಲ್ಲಿ ಈ ಎರಡನೆಯದು ಇದುವರೆಗೆ ಯಾರಿಗೂ ಸಾಧ್ಯವಾಗಿಲ್ಲ. ನನ್ನ ಸೋದರಮಾವನವರು ಬದನೆಕಾಯಿ ಬಿಟ್ಟದ್ದನ್ನು ಮೂವತ್ತು ವರ್ಷ ಹೇಳಿಕೊಂಡು ತಿರುಗಿದರು. ಅವರಿಗೆ ಹುಟ್ಟಿನಿಂದಲೇ ಬದನೆಕಾಯಿ ಸೇರುತ್ತಿರಲಿಲ್ಲ ಎಂಬುದು ಅವರು ತೀರಿಕೊಂಡ ಮೇಲೆ ಅತ್ತೆಯಿಂದ ತಿಳಿಯಿತು. ನಾನೂ ಅದೇ ರಕ್ತ. ನಮ್ಮ ಜೈನರ ಕಳೆದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಬೆಳಗಾವಿಯ ನಮ್ಮ ಓಣಿಯ ಬಸದಿಯಲ್ಲಿ, ಬೇಕಾದದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಪ್ರವಚನ ಕೇಳುತ್ತ ಕುಳಿತವನಿಗೆ, ಏನನ್ನಾದರೂ ಬಿಡಬೇಕು ಎನ್ನಿಸಿತು. ಬಿಡೋಣವೆಂದರೆ ನನಗೆ ಹೊಲವಿಲ್ಲ. ಮನೆಯಲ್ಲಿರುವ ಬಂಗಾರ ಹೆಂಡತಿಯದು. ಹೀಗೆ ಹುಡುಕುತ್ತಿರುವಾಗ ನೆನಪಿಗೆ ಬಂದದ್ದು ಟೀವಿಯ ಕೆಳಗಿನ ಡ್ರಾವರ್.

ಆ ಡ್ರಾವರಿನಲ್ಲಿ ಹನ್ನೊಂದು ಚಾರ್ಜರುಗಳಿದ್ದವು. ಅವುಗಳಲ್ಲಿ ನಾಲ್ಕರ ಫೋನುಗಳು ಎಂದೋ ಕಣ್ಮರೆಯಾಗಿದ್ದವು. ಒಂದು ವಯರ್ ಎಳೆದರೆ ಉಳಿದ ಹತ್ತೂ ಜೊತೆಗೇ ಎದ್ದು ಬರುತ್ತಿದ್ದವು. ಇವೆಲ್ಲವನ್ನೂ ತ್ಯಜಿಸಿ ಇಡೀ ಮನೆಗೆ ಒಂದೇ ಹೊಸ ಚಾರ್ಜರ್ ಇಡುವುದೆಂದು ವ್ರತ ತೊಟ್ಟೆ. ಮನೆಗೆ ಬಂದು ಗಂಭೀರವಾಗಿ ಹೇಳಿದಾಗ ಹೆಂಡತಿ ಸುಜಾತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಬಿಡೂದಂದ್ರ ಸುಮ್ನ ಬಿಡ್ರಿ. ಹೊಸಾದ ತರೂದು ಯಾವ ಸೀಮಿ ತ್ಯಾಗರೀ?” ಎಂದಳು. ಪ್ರವಚನಕ್ಕೆ ಬಾರದವರ ಜೊತೆ ವಾದ ಮಾಡುವುದು ಸರಿಯಲ್ಲವೆಂದು ಫೋನ್ ಹಿಡಿದು ಕುಳಿತೆ.

ಅಪರಿಗ್ರಹದ ಬಗ್ಗೆ ನಾನು ಎಂದೂ ಹೆಚ್ಚು ಓದಿದವನಲ್ಲ. ಚಾರ್ಜರಿನ ಬಗ್ಗೆ ಮಾತ್ರ ಒಂದು ಇಡೀ ಮಧ್ಯಾಹ್ನ ಓದಿದೆ. ವಯರ್ ಚುಚ್ಚುವ ನಾಲ್ಕು ಬಾಯಿಗಳಿರುವ ಚಾರ್ಜರಿನ ಮೇಲೆ ನೂರು ವಾಟ್ ಎಂದು ಬರೆದಿದ್ದರೆ ನಾಲ್ಕೂ ಬಾಯಿಗೆ ತಲಾ ನೂರು ಅಲ್ಲವಂತೆ. ಒಂದನ್ನೇ ಹಚ್ಚಿದರೆ ಅಷ್ಟೂ ಅದಕ್ಕೆ. ಎರಡನೆಯದು ಬಂದ ಕೂಡಲೇ ಹಂಚಿಕೊಳ್ಳಬೇಕು. ಈ ಹಂಚಿ ತಿನ್ನುವ ಗುಣ ನನಗೆ ಬಹಳ ಹಿಡಿಸಿತು. ಮರುದಿನವೇ ನಮ್ಮೂರ ರವಿವಾರ ಪೇಟೆ ಬಜಾರಿಗೆ ಹೋಗಿ, ಬೇಳೆ ಅಂಗಡಿಗಳ ನಡುವೆ ಇರುವ ಮೊಬೈಲ್ ಅಂಗಡಿಯಲ್ಲಿ, ನಾಲ್ಕೂ ಬಾಯಿ ಟೈಪ್‌-ಸಿ ಇರುವುದನ್ನೇ ಕೊಡಿ ಎಂದೆ. ಅಂಗಡಿಯವರು ಇನ್ನೊಂದು ಡಬ್ಬಿ ಮುಂದಿಟ್ಟು, “ಮೂರ ಸಿ, ಒಂದ ಹಳೇ ಅಗಲ ಪಿನ್ನಿಂದು ಐತಿ ನೋಡ್ರಿ ಸರ್, ಇದನ್ನ ತಗೋರಿ. ಮನ್ಯಾಗ ಸಣ್ಣಪುಟ್ಟ ಸಾಮಾನ ಇರತಾವು, ಅವು ಎಲ್ಲಾ ಹೊಸಾದಕ್ಕ ಹೊಂದೂದಿಲ್ಲ” ಎಂದರು. ವ್ರತಧಾರಿಗೆ ವ್ಯಾಪಾರಿಯ ಬುದ್ಧಿಮಾತೇ? ನಾಲ್ಕೂ ಸಮಾನವಾಗಿದ್ದುದನ್ನೇ ತಂದೆ. ಹಳೆಯ ಹನ್ನೊಂದನ್ನೂ ವಯರುಗಳ ಸಮೇತ ನಾನು ಗುಮಾಸ್ತನಾಗಿರುವ ಕಾಲೇಜಿನ ಇ-ಕಸದ ಡಬ್ಬಿಗೆ ಹಾಕಿದೆ. ಹಾಕುವ ಮೊದಲು ಸಾಲಾಗಿ ಜೋಡಿಸಿ, ಫೋಟೋ ತೆಗೆದು, ‘ಇಂದಿನಿಂದ ಒಂದೇ’ ಎಂದು ಬರೆದು ಕಾಲೇಜಿನ ಗ್ರೂಪಿಗೆ ಕಳಿಸಿದೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ನಮ್ಮ ಇತಿಹಾಸದ ಪ್ರಾಧ್ಯಾಪಕರಂತೂ ಮೂರು ಸಲ ಮುಗಿದಿದ್ದರು.

ಈಗ ಅವ್ವನ ವಿಷಯ ಹೇಳಬೇಕು. ಅವ್ವನಿಗೆ ಎಪ್ಪತ್ತೆಂಟು. ಕಿವಿಗೆ ಮಷೀನ್ ಹಾಕುತ್ತಾಳೆ. ಮಲಗುವಾಗ ಅದನ್ನು ಡಬ್ಬಿಯಲ್ಲಿಟ್ಟು ಚಾರ್ಜಿಗೆ ಹಚ್ಚಬೇಕು. ಅದರ ಚಾರ್ಜರೂ ಆ ಹನ್ನೊಂದರ ಜೊತೆ ಹೋಗಿದ್ದರಿಂದ ಈಗ ನಾನೇ ಹೊಸದಕ್ಕೆ ಹಚ್ಚುತ್ತಿದ್ದೆ. ಅವ್ವನ ತಂಗಿ, ನಮ್ಮ ಚಿಗವ್ವ, ಇರುವುದು ಖಾನಾಪುರದಲ್ಲಿ. ಅಕ್ಕ ತಂಗಿಯರು ಏಳು ವರ್ಷದಿಂದ ಮಾತು ಬಿಟ್ಟಿದ್ದರು. ಚಿಗವ್ವನ ಮಗನ ಮದುವೆಯ ಸಂಜೆ, ಬೀಗರು ಮೊದಲು ಉಣ್ಣಲಿ ಎಂದು ಅವಳು ಅವ್ವನನ್ನು ಎರಡನೆಯ ಪಂಕ್ತಿಗೆ ನಿಲ್ಲಿಸಿದಳು. ಆ ಪಂಕ್ತಿಗೆ ಎಲೆ ಹಾಕುವಷ್ಟರಲ್ಲಿ ಹೊತ್ತು ಮುಳುಗಿತು. ಹೊತ್ತು ಮುಳುಗಿದ ಮೇಲೆ ಅವ್ವ ನೀರನ್ನೂ ಮುಟ್ಟುವವಳಲ್ಲ. ಒಡಹುಟ್ಟಿದ ತಂಗಿಯ ಮನೆಯ ಮದುವೆಯಿಂದ ಉಪವಾಸ ಬಂದವಳು, ಮತ್ತೆ ಖಾನಾಪುರದ ಹೆಸರೆತ್ತಲಿಲ್ಲ. ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ಏಳು ಸಲ ಬಂದು ಹೋಗಿತ್ತು. ಈ ಸಲ ಚಿಗವ್ವ ನನಗೆ ಫೋನ್ ಮಾಡಿ, “ಮೊಣಕಾಲ ಭಾಳ ಬ್ಯಾನಿ ಆಗ್ಯಾವಪಾ, ನಾ ಬರಾಕ ಆಗೂದಿಲ್ಲ. ಅಕ್ಕನ್ನ ಕರಕೊಂಡ ಬಾ. ಕ್ಷಮಾ ಕೇಳದ ಸತ್ರ ನನಗ ಸಮಾಧಾನ ಇಲ್ಲ” ಎಂದು ಅತ್ತಳು. ಅವ್ವ ಎರಡು ದಿನ ಯೋಚಿಸಿ, ಹೂಂ ಎಂದಳು.

ಕ್ಷಮಾವಾಣಿಯ ಬೆಳಿಗ್ಗೆ ಅವ್ವ ಹೊಸ ಸೀರೆಯುಟ್ಟು ಬಂದು, “ತಮ್ಮಾ, ಕಿವಿಯಾಗಿಂದು ಸತ್ತೈತಿ ನೋಡು” ಎಂದಳು. ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಚಾರ್ಜ್ ಇಷ್ಟು ದಿನ ನಡೆದಿತ್ತು, ಹೊಸ ಚಾರ್ಜರಿನಿಂದ ಅದಕ್ಕೆ ಒಂದು ಹನಿಯೂ ಸೇರಿರಲಿಲ್ಲ. ವಯರಿನ ತುದಿ ಸರಿಯಾಗಿ ಕೂತಿತಲ್ಲ ಎಂದು ನಾನು ಡಬ್ಬಿಯ ದೀಪ ಹತ್ತಿತೋ ಇಲ್ಲವೋ ನೋಡಿರಲೇ ಇಲ್ಲ. ಅಂಗಡಿಗೆ ಫೋನ್ ಹಚ್ಚಿದರೆ, “ಹೇಳಿದ್ನೆಲ್ರಿ ಸರ್. ಕೆಲವು ಸಾಮಾನಿಗೆ ಎರಡೂ ಕಡೆ ಸಿ ಇದ್ದ ವಯರ್ ನಡಿಯೂದಿಲ್ಲ, ಹಳೇ ಅಗಲ ಪಿನ್ನಿನ ಅಡಾಪ್ಟರೇ ಬೇಕು. ಈಗ ಬರ್ರಿ, ಒಂದ ಕೊಡತೇನಿ” ಎಂದರು. ಸುಜಾತಾ ಕೂಡ, “ಹೋಗಿ ತರ್ರಿ, ಮಧ್ಯಾಹ್ನದ ಬಸ್ಸಿಗೆ ಹೋದ್ರಾತು” ಎಂದಳು. ತರಬಹುದಿತ್ತು. ಆದರೆ ಎರಡನೆಯ ಚಾರ್ಜರ್ ಮನೆಗೆ ಬಂದರೆ ವ್ರತ ಮುರಿಯುತ್ತದೆ. ವ್ರತ ಮುರಿದದ್ದು ದೇವರಿಗಷ್ಟೇ ಗೊತ್ತಾಗುವುದಾದರೆ ಹೇಗೋ ನೋಡಿಕೊಳ್ಳುತ್ತಿದ್ದೆ. ಕಾಲೇಜಿನ ಗ್ರೂಪಿಗೆ ಗೊತ್ತಾದರೆ ಏನು ಮಾಡಲಿ? ನಾನು ಅವ್ವನ ಕಿವಿಗೆ ಬಾಯಿ ಹಚ್ಚಿ, “ಮಷೀನ್ ಕೆಟ್ಟೈತಿ” ಎಂದೆ. ಕ್ಷಮಾವಾಣಿಯ ದಿನವೇ ಹೇಳಿದ ಸುಳ್ಳು ಅದು.

ಖಾನಾಪುರದಲ್ಲಿ ಚಿಗವ್ವ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದಳು. ಅವ್ವನನ್ನು ಕಂಡವಳೇ ಕೈ ಮುಗಿದು, ಏಳು ವರ್ಷ ಎದೆಯಲ್ಲಿಟ್ಟುಕೊಂಡ ಮಾತನ್ನು ಮೆಲ್ಲಗೆ ಹೇಳಿದಳು. ಅವ್ವ ಅವಳ ಮುಖವನ್ನೇ ನೋಡಿ, “ಕೇಳವಲ್ದು. ಜೋರ ಹೇಳ” ಎಂದಳು. ಚಿಗವ್ವ ಮತ್ತೆ ಹೇಳಿದಳು. “ಇನ್ನೂ ಜೋರ.” ಎದುರು ಮನೆಯ ಮರಾಠಿ ಹೆಂಗಸು ಏನಾಯಿತೆಂದು “ಕಾಯ ಝಾಲಂ?” ಎನ್ನುತ್ತ ಹೊರಗೆ ಬಂದಳು, ಅವಳ ಹಿಂದೆ ಓಣಿಯೂ ಬಂತು. ನಾನು ನೆಲ ನೋಡುತ್ತ ನಿಂತೆ. ಆಗ ಚಿಗವ್ವ ಕಣ್ಣು ಮುಚ್ಚಿ, ಇದ್ದಷ್ಟು ಶಕ್ತಿ ಹಾಕಿ, “ಅಕ್ಕಾ, ನಾ ನಿನ್ನ ಉಪವಾಸ ಕಳಿಸಿದೆ! ತಪ್ಪಾತು! ಕ್ಷಮಾ ಮಾಡು!” ಎಂದು ಕೂಗಿದಳು. ಅವ್ವ ಅವಳ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡು, ತನ್ನ ಧ್ವನಿ ಎಷ್ಟು ದೊಡ್ಡದೆಂದು ತನಗೇ ತಿಳಿಯದೆ, “ಏಳ ವರ್ಷ ಸಿಟ್ಟ ಹಿಡಕೊಂಡ ಕುಂತೆ, ನಂದೂ ತಪ್ಪೈತಿ, ನನಗೂ ಕ್ಷಮಾ ಮಾಡವಾ!” ಎಂದಳು. ಇಬ್ಬರೂ ಅತ್ತರು. ಹೊತ್ತು ಇನ್ನೂ ಮೇಲಿರುವಾಗಲೇ ಚಿಗವ್ವ ಅವ್ವನಿಗೆ ಮೊದಲು ಬಡಿಸಿದಳು, ಆಮೇಲೆ ಉಳಿದವರಿಗೆ.

ತಿರುಗಿ ಬರುವ ಬಸ್ಸಿನಲ್ಲಿ ಅವ್ವ ಸೆರಗಿನ ಗಂಟಿನಿಂದ ಆ ಮಷೀನ್ ತೆಗೆದು ಸವರುತ್ತ, “ಪಾಪ, ಇದಕ್ಕೂ ವಯಸ್ಸಾತು. ಇದರ ತಪ್ಪೇನೂ ಇಲ್ಲ” ಎಂದಳು. ನನಗೆ ತಡೆಯಲಾಗಲಿಲ್ಲ. ಹತ್ತಿರ ಸರಿದು ಮೆಲ್ಲಗೆ, “ಅವ್ವಾ, ಮಷೀನ್ ಕೆಟ್ಟಿಲ್ಲ. ಸುಳ್ಳ ಹೇಳಿದೆ. ನಂದ ತಪ್ಪಾತು” ಎಂದೆ.

“ಏನಂದಿ? ಕೇಳವಲ್ದು, ಜೋರ ಹೇಳು” ಎಂದಳು ಅವ್ವ. ಮುಂದಿನ ಸೀಟಿನಲ್ಲಿ ಕುಳಿತಿದ್ದ ನಮ್ಮ ಇತಿಹಾಸದ ಪ್ರಾಧ್ಯಾಪಕರು ಹಿಂದೆ ತಿರುಗಿ ನೋಡಿ, ನನ್ನ ಗುರುತು ಹಿಡಿದು, ಭಕ್ತಿಯಿಂದ ಕೈ ಮುಗಿದರು.

ನಾನು ಇದ್ದಷ್ಟು ಶಕ್ತಿ ಹಾಕಿ, ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ: “ಗಾಳಿ ಬರಾಕತ್ತೈತಿ, ಕಿಡಕಿ ಹಾಕ್ಲೇನ ಅಂದೆ!”