ಮಾವನ ದಮ್ಮು

ನಮ್ಮ ಸೋದರಮಾವನಿಗೆ ದಮ್ಮು ಹತ್ತುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ದಾರಿಯಲ್ಲಿ ಸುಮ್ಮನೆ ನಿಲ್ಲುತ್ತಿದ್ದರು, ಅಷ್ಟೆ!

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಮಂಡಿಪೇಟೆಯಲ್ಲಿ ಮಾವನ ಮೆಣಸಿನಕಾಯಿ ಅಂಗಡಿ. ಯಾರ ಜೊತೆ ಮಾತಿಗೆ ಮಾತು ಬೆಳೆದರೂ "ದಮ್ಮಿದ್ರೆ ಬಾ" ಎನ್ನುವುದು ಅವರ ರೂಢಿ. ಹರಿಹರದಲ್ಲಿದ್ದ ಅತ್ತೆಯ ಅಣ್ಣ ಬೀಪಿಯನ್ನು ಲೆಕ್ಕಿಸದೆ ಇದ್ದು, ಒಂದು ದಿನ ಊಟಕ್ಕೆ ಕೂತಲ್ಲೇ ಕುಸಿದು ತೀರಿಕೊಂಡರು. ಅದಾದ ಕೆಲ ತಿಂಗಳಿಗೆ ಅತ್ತೆ ಹಠ ಮಾಡಿ ಮಾವನನ್ನು ಡಾಕ್ಟರ ಬಳಿಗೆ ಎಳೆದೊಯ್ದರು. ಇವರಿಗೂ ಬೀಪಿ! ಮನೆಗೆ ಬಂದ ಮಾವ ಮಾತ್ರೆಯ ಪೊಟ್ಟಣವನ್ನು ನಮ್ಮೆಲ್ಲರ ಎದುರೇ ಮೂಲೆಗೆ ಎಸೆದರು.

"ನನಗಿನ್ನೂ ದಮ್ಮೈತೆ. ಗುಳಿಗಿ ನುಂಗೋರು ಬ್ಯಾರೆ."

ಅತ್ತೆ ಜಗಳವಾಡಲಿಲ್ಲ. ಪೊಟ್ಟಣವನ್ನು ಎತ್ತಿಕೊಂಡು ಒಳಗೆ ಹೋದರು.

ಬರಬರುತ್ತಾ ಮಾವ ಬಾಡಿಹೋದರು. ಬೆಳಿಗ್ಗೆ ಎದ್ದಾಗಲೇ ದುಡಿದು ಬಂದವರ ಮುಖ. ಪೇಟೆಯಲ್ಲಿ ಅಂಗಡಿ ಅಂಗಡಿಯ ಮುಂದೆ ನಿಂತು ಬೆಲ್ಲ, ಹುಣಸೆಹಣ್ಣು, ಕೊನೆಗೆ ತಮಗೆ ಸಂಬಂಧವೇ ಇಲ್ಲದ ಹಗ್ಗದ ದರವನ್ನೂ ವಿಚಾರಿಸುವರು. ಉತ್ತರ ಬರುವಷ್ಟರಲ್ಲಿ ಉಸಿರು ಮರಳಬೇಕಲ್ಲ! ಬೆಲ್ಲದ ವ್ಯಾಪಾರಿ ಒಂದು ದಿನ ರೋಸಿಹೋದ.

"ದಿನಾ ರೇಟ್ ಕೇಳ್ತೀರಲ್ರಿ ಸಾವ್ಕಾರ್ರೆ, ಒಂದ್ ಅಚ್ಚು ಬೆಲ್ಲನಾದ್ರೂ ಒಯ್ರಿ."

ಮಾವ ಒಯ್ದರು. ಆ ಅಚ್ಚನ್ನು ಹಿಡಿದು ಮನೆ ಸೇರುವಷ್ಟರಲ್ಲಿ ದಾರಿಯ ಕಟ್ಟೆಗಳ ಮೇಲೆಲ್ಲ ಕೂತೆದ್ದಿದ್ದರು.

ಅತ್ತೆಯ ಅಣ್ಣನ ವರ್ಷದ ಕಾರ್ಯಕ್ಕೆ ಹರಿಹರಕ್ಕೆ ಹೋಗಿದ್ದೆವು. ಹೊಳೆಯಿಂದ ಮೆಟ್ಟಿಲು ಹತ್ತುವಾಗ ಮಾವ ಅರ್ಧಕ್ಕೇ ಕೂತುಬಿಟ್ಟರು.

"ಯಾಕ್ ಕೂತ್ರಿ?" ಎಂದರು ಅತ್ತೆ.

"ಹೊಳಿ ನೋಡಾಕ."

ಕೂತಿದ್ದದ್ದು ಹೊಳೆಗೆ ಬೆನ್ನು ಮಾಡಿ! ನಾನು ನಕ್ಕೆ. ಅತ್ತೆ ನಗಲಿಲ್ಲ. ಗಂಡನ ತುಟಿ ಬಿಳಿಚಿದ್ದನ್ನು ನೋಡಿ ಸೆರಗಿನಿಂದ ಗಾಳಿ ಹಾಕತೊಡಗಿದರು.

ಮರುದಿನವೇ ಡಾಕ್ಟರ ಮುಂದೆ ಕೂರಿಸಿದೆವು. "ದಮ್ಮು ಐತೇನ್ರಿ?" ಎಂದು ಅವರು ಕೇಳಿದರು. ಮಾವ ಎದೆಯುಬ್ಬಿಸಿ, "ಬೇಕಾದಷ್ಟು ಐತ್ರಿ" ಎಂದರು. ಜೀವಮಾನದಲ್ಲಿ ಮೊದಲ ಸಲ ಕಾಯಿಲೆಯನ್ನು ಒಪ್ಪಿಕೊಂಡರು, ಅದೂ ತಮಗೇ ಗೊತ್ತಿಲ್ಲದೆ!

ನಾಡಿ ಹಿಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಇಷ್ಟು ನಿಧಾನ ಇರಬಾರ್ದು. ಮಾತ್ರೆ ದಿನಾ ಎಷ್ಟು?"

ಮಾವ ಅತ್ತೆಯತ್ತ ನೋಡದೆ ಗೊಣಗಿದರು. "ಒಂದು. ಬ್ಯಾರೆ ತರಿಸಿ ಅಂಗಡ್ಯಾಗ ಇಟ್ಟೀನಿ."

ಭಾವನ ಸಾವು ಅವರನ್ನೂ ಹೆದರಿಸಿತ್ತು. ಹೆದರಿದ್ದು ಮನೆಯವರಿಗೆ ಗೊತ್ತಾಗಬಾರದು, ಅಷ್ಟೆ.

ಅತ್ತೆಯ ಮುಖದ ಬಣ್ಣವೇ ಇಳಿಯಿತು. "ಹಂಗಾರೆ, ದಿನಾ ನಾ ಮಜ್ಜಿಗ್ಯಾಗ ಅರೆದು ಹಾಕ್ತಿದ್ದದ್ದು?"

"ಇಬ್ರೂ ಕೂಡಿ ಒಬ್ರಿಗೆ ಎರಡು ಪಾಲು ಕೊಟ್ಟೀರಲ್ರಿ, ಅದಕ್ಕೇ ನಾಡಿ ಕುಗ್ಗೈತಿ" ಎಂದರು ಡಾಕ್ಟರು.

ಎರಡನೇ ಪಾಲು ನಿಂತಿತು. ಸುಸ್ತು ಕೊಂಚ ತಗ್ಗಿತು, ದಮ್ಮು ಪೂರ್ತಿ ಹೋಗಲಿಲ್ಲ. ಹೃದಯವೂ ಸೋತಿತ್ತಂತೆ. ಅತ್ತೆ "ನನ್ನ ಕೈಯಾರೆ" ಎಂದು ಅಳುತ್ತಾ ಮಜ್ಜಿಗೆ ಕಡೆಯುವುದನ್ನೇ ಬಿಟ್ಟರು. ನನಗೂ ಮಾವನನ್ನು ಗೇಲಿ ಮಾಡುವ ಮನಸ್ಸು ಉಳಿಯಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೇಳಿದೆ.

"ಮಜ್ಜಿಗೆ ಕಹಿ ಹತ್ತಲಿಲ್ವಾ ಮಾವ?"

"ಹತ್ತತಿತ್ತು. ಏನೋ ಹಾಕ್ಯಾಳ ಅಂತ ಗೊತ್ತಾಗಿತ್ತು."

ಉಸಿರಿಗಾಗಿ ತಡೆದು ಮತ್ತೆ ಹೇಳಿದರು.

"ಲೋಟ ಖಾಲಿ ಆಗೋತನ ನನ್ನ ಮುಖಾನೇ ನೋಡ್ಕೊಂತ ನಿಂತಿರ್ತಿದ್ಲಪ್ಪ. ಬ್ಯಾಡ ಅನ್ನಾಕ ನನಗ ದಮ್ಮಿರಲಿಲ್ಲ."